ಆಹಾರದ ಸೋಂಕು ಮತ್ತು ಕರುಳಿನ ಉರಿಯೂತ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಓದುಗರ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಮೊದಲ ಭಾಗ ಎಲ್ಲರಿಗಾಗಿ. ಕೊನೆಯ ಭಾಗ ಜೀವಶಾಸ್ತ್ರ ಓದಿದವರಿಗೆ ಮತ್ತು ಹಟ ಹಿಡಿದು ಓದುವವರಿಗೆ.

### ಆರಂಭದ ಪ್ರಶ್ನೆಗಳು

ಉರಿಯೂತ ಎಂದರೆ ಗಾಯದ ಸುತ್ತ ಕೆಂಪಾಗಿ ಊದಿಕೊಳ್ಳುವುದಲ್ಲವೇ? ಕರುಳಿನೊಳಗೆ ಅದು ಹೇಗೆ?

ಕ್ರಿಯೆ ಅದೇ, ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುತ್ತದೆ ಅಷ್ಟೆ. ರಕ್ತನಾಳಗಳು ಹಿಗ್ಗುತ್ತವೆ, ಅವುಗಳ ಗೋಡೆ ಸಡಿಲಗೊಂಡು ದ್ರವವೂ ಬಿಳಿ ರಕ್ತಕಣಗಳೂ ಅಂಗಾಂಶಕ್ಕೆ ಇಳಿಯುತ್ತವೆ. ಚರ್ಮದಲ್ಲಾದರೆ ಅದು ಊತವಾಗಿ ನಿಲ್ಲುತ್ತದೆ. ಕರುಳಿನಲ್ಲಿ ದ್ರವದ ಒಂದು ಪಾಲು ಒಳಗಿನ ಪೊಳ್ಳಿಗೆ ಸುರಿದು ಭೇದಿಯಾಗುತ್ತದೆ. ನರಗಳು ಕೆರಳಿ ಹೊಟ್ಟೆ ನುಲಿಯುತ್ತದೆ. 1882ರಲ್ಲಿ ಇಲ್ಯಾ ಮೆಚ್ನಿಕೋವ್ ನಕ್ಷತ್ರಮೀನಿನ ಮರಿಗಳಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಳ್ಳುವುದನ್ನು ನೋಡಿದರು. ಉರಿಯೂತ ಕೇವಲ ರೋಗದ ಹಾವಳಿಯಲ್ಲ, ದೇಹದ ರಕ್ಷಣಾ ಕ್ರಿಯೆಯೂ ಹೌದು ಎಂಬ ವಾದ ಅಲ್ಲಿಂದ ಬೆಳೆಯಿತು. 1908ರಲ್ಲಿ ಅವರಿಗೆ ನೊಬೆಲ್ ಬಂದಿತು.

ತಿಂದ ಎರಡೇ ಗಂಟೆಯಲ್ಲಿ ವಾಂತಿಯಾಯಿತು. ಇದೂ ಸೋಂಕೇ?

ಬಹುಪಾಲು ಅಲ್ಲ. ಇಷ್ಟು ಬೇಗ ಬಂದರೆ ಆಹಾರದಲ್ಲಿ ಮೊದಲೇ ತಯಾರಾಗಿದ್ದ ವಿಷದ ಮೇಲೆ ಅನುಮಾನ ಪಡಬೇಕು. ಸ್ಟ್ಯಾಫಿಲೋಕಾಕಸ್ ಔರಿಯಸ್ ಬಿಟ್ಟುಹೋದ ವಿಷ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ತರಿಸುತ್ತದೆ. ಮತ್ತೆ ಬಿಸಿ ಮಾಡಿದಾಗ ಬ್ಯಾಕ್ಟೀರಿಯಾ ಸಾಯುತ್ತದೆ, ವಿಷ ಉಳಿಯುತ್ತದೆ. ಸಾಲ್ಮೊನೆಲ್ಲ ಸೋಂಕು ತಲೆ ಎತ್ತಲು ಸಾಮಾನ್ಯವಾಗಿ ಆರು ಗಂಟೆಯಿಂದ ಆರು ದಿನ ಬೇಕು. ಕ್ಯಾಂಪಿಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ. ಹಾಗಾಗಿ 'ಕೊನೆಯ ಊಟವೇ ಕಾರಣ' ಎಂಬ ತೀರ್ಮಾನ ಬಹಳ ಸಲ ತಪ್ಪಾಗಿರುತ್ತದೆ. ಈ ಪುಟದ ಉಳಿದ ಮಾತೆಲ್ಲ ಒಳಗೆ ಹೋಗಿ ಬೆಳೆಯುವ ಬ್ಯಾಕ್ಟೀರಿಯಾಗಳ ಕುರಿತು.

ಕರುಳಿನಲ್ಲಿ ಮೊದಲೇ ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯಂತೆ. ಅವುಗಳ ವಿರುದ್ಧ ದೇಹ ಏಕೆ ಸುಮ್ಮನಿರುತ್ತದೆ?

ಸುಮ್ಮನಿರುವುದಿಲ್ಲ, ದೂರ ಇಟ್ಟಿರುತ್ತದೆ. ಕರುಳಿನ ಒಳಪದರ ಒಂದೇ ಒಂದು ಕೋಶದಷ್ಟು ದಪ್ಪ. ಅದರ ಮೇಲೆ ಲೋಳೆ ಹರಡಿದೆ. ದೊಡ್ಡ ಕರುಳಿನಲ್ಲಿ ಆ ಲೋಳೆಯ ಒಳಭಾಗದಲ್ಲಿ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಇರುವುದೇ ಇಲ್ಲ. ಸಣ್ಣ ಕರುಳಿನ ಪ್ಯಾನೆತ್ ಕೋಶಗಳು ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನುಗಳನ್ನು ಸುರಿಯುತ್ತವೆ. ಐಜಿಎ ಎಂಬ ಪ್ರತಿಕಾಯಗಳು ಲೋಳೆಯೊಳಗೇ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು, ಗದ್ದಲವಿಲ್ಲದೆ ಅವನ್ನು ಹೊರಗೆ ಸಾಗಿಸುತ್ತವೆ. ಇಷ್ಟನ್ನೂ ದಾಟಿ ಒಂದೆರಡು ಒಳನುಸುಳಿದರೆ ಅಲ್ಲಿನ ಮ್ಯಾಕ್ರೋಫೇಜ್‌ಗಳು ಎಂಬ ರಕ್ಷಕ ಕೋಶಗಳು ನುಂಗಿ ಜೀರ್ಣಿಸುತ್ತವೆ. ಈ ಮ್ಯಾಕ್ರೋಫೇಜ್‌ಗಳ ಸ್ವಭಾವ ನನಗೆ ಬಲು ಇಷ್ಟ: ಕೊಲ್ಲುವುದರಲ್ಲಿ ಅವು ಯಾರಿಗೂ ಕಡಿಮೆಯಿಲ್ಲ, ಆದರೆ ಕೊಂದ ಮೇಲೆ ಕೂಗಿ ಊರು ಸೇರಿಸುವುದಿಲ್ಲ.

ಭೇದಿ, ಜ್ವರ, ನೋವು ಎಲ್ಲ ಬ್ಯಾಕ್ಟೀರಿಯಾ ಮಾಡುವುದೋ, ನಮ್ಮ ದೇಹವೇ ಮಾಡಿಕೊಳ್ಳುವುದೋ?

ಎರಡೂ, ಆದರೆ ನಮ್ಮ ಪಾಲು ಜನ ಅಂದುಕೊಂಡಿರುವುದಕ್ಕಿಂತ ದೊಡ್ಡದು. ಜ್ವರವನ್ನೇ ನೋಡಿ. ಬಿಳಿ ರಕ್ತಕಣಗಳು ಬಿಡುವ ಐಎಲ್-1, ಐಎಲ್-6, ಟಿಎನ್‌ಎಫ್ ಎಂಬ ಸಂಕೇತ ಪ್ರೋಟೀನುಗಳು ಮಿದುಳಿನ ಹೈಪೊಥಲಾಮಸ್ ಭಾಗದಲ್ಲಿ ಪ್ರೋಸ್ಟಾಗ್ಲಾಂಡಿನ್ ತಯಾರಾಗುವಂತೆ ಮಾಡುತ್ತವೆ, ಅದು ಮೈಬಿಸಿಯ ಮಟ್ಟವನ್ನು ಏರಿಸುತ್ತದೆ. ಅದೇ ಐಎಲ್-6 ಯಕೃತ್ತಿಗೆ ಮುಟ್ಟಿದಾಗ ಉರಿಯೂತ ಸೂಚಿಸುವ ಸಿಆರ್‌ಪಿ ಎಂಬ ಪ್ರೋಟೀನು ಹೆಚ್ಚುತ್ತದೆ. ರಕ್ತಪರೀಕ್ಷೆಯ ವರದಿಯಲ್ಲಿ ನೀವು ನೋಡುವ ಅಂಕಿ ಅದು. ಕಾಲರಾ ಮಾತ್ರ ಇದಕ್ಕೆ ದೊಡ್ಡ ಅಪವಾದ. ಅಲ್ಲಿ ವಿಷವೇ ನೇರವಾಗಿ ನೀರು ಹರಿಸುತ್ತದೆ, ಉರಿಯೂತ ಅಲ್ಪ.

ಒಂದೇ ಊಟ ಮಾಡಿದ ನಾಲ್ವರಲ್ಲಿ ನಾನೊಬ್ಬನೇ ಮಲಗಿದೆ. ನನ್ನ ರೋಗನಿರೋಧಕ ಶಕ್ತಿ ಕಡಿಮೆಯೇ?

ಅಷ್ಟು ಬೇಗ ಆ ತೀರ್ಮಾನಕ್ಕೆ ಬರಬೇಡಿ. ಬ್ಯಾಕ್ಟೀರಿಯಾ ಆಹಾರದಲ್ಲಿ ಸಮನಾಗಿ ಹರಡಿರುವುದಿಲ್ಲ. ನಿಮ್ಮ ತಟ್ಟೆಗೆ ಹೆಚ್ಚು ಬಿದ್ದಿರಬಹುದು. ಜಠರದ ಆಮ್ಲ ದೊಡ್ಡ ಅಡ್ಡಗೋಡೆ, ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಲ್ಲಿ ಅದು ಕುಗ್ಗಿರುತ್ತದೆ. ಇತ್ತೀಚೆಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಕರುಳಿನ ಕಾಯಂ ನಿವಾಸಿಗಳು ಚದುರಿರುತ್ತವೆ, ಹೊಸಬರಿಗೆ ಜಾಗ ಸಿಗುತ್ತದೆ. ಶಿಗೆಲ್ಲದಂಥದ್ದಾದರೆ ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ಸಾಕು.

### ಸ್ವಲ್ಪ ಒಳಗೆ ಇಳಿದರೆ

ಒಳ್ಳೆಯ ಬ್ಯಾಕ್ಟೀರಿಯಾ ಯಾವುದು, ಕೆಟ್ಟದ್ದು ಯಾವುದು ಎಂದು ಕರುಳಿಗೆ ಹೇಗೆ ಗೊತ್ತಾಗುತ್ತದೆ?

ಮುಖ ನೋಡಿ ಗೊತ್ತಾಗುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯಾಕ್ಕೂ ನಿರಪಾಯಿಗಳಿಗೂ ಹೊರಪೊರೆಯ ಘಟಕಗಳು ಬಹುಮಟ್ಟಿಗೆ ಒಂದೇ. ಅವನ್ನು ಗುರುತಿಸುವ ಗ್ರಾಹಿಗಳ ಕಥೆ 1996ರಲ್ಲಿ ಹಣ್ಣುನೊಣದ ಟೋಲ್ ವಂಶವಾಹಿಯಿಂದ ಬಿಚ್ಚಿಕೊಂಡಿತು. 1998ರಲ್ಲಿ ಇಲಿಗಳಲ್ಲಿ ಟೋಲ್ ಅನ್ನು ಹೋಲುವ, ಬ್ಯಾಕ್ಟೀರಿಯಾದ ಪೊರೆಯ ಕೊಬ್ಬುಸಕ್ಕರೆಯನ್ನು ಗುರುತಿಸುವ ಟಿಎಲ್‌ಆರ್-4 ಎಂಬ ಗ್ರಾಹಿ ಸಿಕ್ಕಿತು. ಇವುಗಳ ಹಿಂದಿದ್ದ ಜೂಲ್ಸ್ ಹಾಫ್‌ಮನ್ ಮತ್ತು ಬ್ರೂಸ್ ಬಾಯ್ಟ್ಲರ್ 2011ರ ನೊಬೆಲ್ ಹಂಚಿಕೊಂಡರು.

ಕರುಳು ಮುಖ್ಯವಾಗಿ ನೋಡುವುದು ಬ್ಯಾಕ್ಟೀರಿಯಾ ಎಲ್ಲಿದೆ ಎಂಬುದನ್ನು. ಬ್ಯಾಕ್ಟೀರಿಯಾದ ಬಾಲವಾದ ಫ್ಲಜೆಲ್ಲಮ್‌ನ ಪ್ರೋಟೀನನ್ನು ಗುರುತಿಸುವ ಟಿಎಲ್‌ಆರ್-5 ಒಳಪದರದ ಕೋಶಗಳಲ್ಲಿ ಹೆಚ್ಚಾಗಿ ಇರುವುದು ಕೆಳಮೈಯಲ್ಲಿ. ಪೊಳ್ಳಿನಲ್ಲಿ ಈಜಾಡುತ್ತಿರುವ ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದಿಲ್ಲ. ಗೋಡೆ ದಾಟಿ ಬಂದದ್ದು ಕಾಣುತ್ತದೆ. ಇನ್ನೂ ಮುಂದೆ ಹೋಗಿ ಕೋಶದ ಒಳಕ್ಕೇ ಪ್ರೋಟೀನು ಚುಚ್ಚಿದರೆ, ಸಾಲ್ಮೊನೆಲ್ಲ ಸೂಜಿಯಂಥ ಸಾಧನದಿಂದ ಮಾಡುವುದು ಇದನ್ನೇ, ಅಲ್ಲಿ ಎನ್‌ಎಲ್‌ಆರ್‌ಸಿ-4 ಎಂಬ ಮತ್ತೊಂದು ಕಾವಲು ಎಚ್ಚರಗೊಳ್ಳುತ್ತದೆ. ಅದರ ತೀರ್ಪು ನಿಷ್ಠುರ: ಸೋಂಕು ತಗುಲಿದ ಕೋಶ ಸಾಯುತ್ತಲೇ ಪದರದಿಂದ ಕಳಚಿ ಪೊಳ್ಳಿಗೆ ಬೀಳುತ್ತದೆ, ಒಳಗಿನ ಬ್ಯಾಕ್ಟೀರಿಯಾವನ್ನೂ ಜೊತೆಗೇ ಒಯ್ಯುತ್ತದೆ.

ಉರಿಯೂತ ಶುರುವಾಗುವುದು ಗೊತ್ತಾಯಿತು. ಅದಕ್ಕೆ ಕಡಿವಾಣ ಹಾಕುವವರು ಯಾರು?

ಈ ಪುಟದ ಹೃದಯ ಇರುವುದು ಇಲ್ಲಿ, ಹಾಗಾಗಿ ಉತ್ತರ ಉದ್ದ. ಮೊದಲು ಬೆಂಕಿ, ಆಮೇಲೆ ನೀರು ಎಂಬ ಕ್ರಮ ಇಲ್ಲಿ ಇಲ್ಲ. ಎರಡಕ್ಕೂ ಅಪ್ಪಣೆ ಒಂದೇ ಕಡೆಯಿಂದ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಡುತ್ತದೆ.

ಕೋಶದೊಳಗಿನ ಹಂತ ನೋಡಿ. ಗ್ರಾಹಿ ಎಚ್ಚರಗೊಂಡಾಗ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರಕ್ಕೆ ಹೋಗಿ ಉರಿಯೂತದ ವಂಶವಾಹಿಗಳನ್ನು ಚಾಲೂ ಮಾಡುತ್ತದೆ. ಅದು ಚಾಲೂ ಮಾಡುವ ವಂಶವಾಹಿಗಳ ಪಟ್ಟಿಯಲ್ಲೇ ಅದನ್ನು ಹಿಡಿದು ಕಟ್ಟಿಹಾಕುವ ಐ-ಕಪ್ಪಾ-ಬಿ-ಆಲ್ಫಾ ಇದೆ, ಸಂಕೇತದ ಸರಪಳಿಯನ್ನು ತುಂಡರಿಸುವ ಎ-20 ಕೂಡ ಇದೆ. ಎ-20 ಇಲ್ಲದೆ ಹುಟ್ಟಿದ ಇಲಿಗಳು ಮೈತುಂಬ ಉರಿಯೂತವಾಗಿ ಎಳವೆಯಲ್ಲೇ ಸಾಯುತ್ತವೆ.

ಕೋಶ ಕೋಶಗಳ ನಡುವಿನ ಹಂತದಲ್ಲಿ ಐಎಲ್-10 ಎಂಬ ಸಂಕೇತ ಪ್ರೋಟೀನು ಪ್ರಧಾನ. ಮ್ಯಾಕ್ರೋಫೇಜ್‌ಗಳೂ ಟಿ-ಕೋಶಗಳೆಂಬ ಬಿಳಿ ರಕ್ತಕಣಗಳೂ ಇದನ್ನು ಬಿಡುತ್ತವೆ. ಇದು ತಾಗಿದ ಮ್ಯಾಕ್ರೋಫೇಜ್ ಟಿಎನ್‌ಎಫ್ ಸುರಿಯುವುದನ್ನು ಕಡಿಮೆ ಮಾಡುತ್ತದೆ. 1993ರಲ್ಲಿ ಐಎಲ್-10 ವಂಶವಾಹಿ ಕಿತ್ತುಹಾಕಿದ ಇಲಿಗಳನ್ನು ಬೆಳೆಸಿದಾಗ, ಯಾವ ರೋಗಾಣುವೂ ಬೇಕಾಗದೆ, ಕರುಳಿನ ನಿತ್ಯದ ಬ್ಯಾಕ್ಟೀರಿಯಾಗಳ ಮೇಲೇ ಅವುಗಳ ಕರುಳು ಕೆರಳಿ ಕೂತಿತು. ಬ್ಯಾಕ್ಟೀರಿಯಾಗಳೇ ಇಲ್ಲದ ವಾತಾವರಣದಲ್ಲಿ ಸಾಕಿದಾಗ ಆ ರೋಗ ಬರಲಿಲ್ಲ. 2009ರಲ್ಲಿ ಐಎಲ್-10 ಗ್ರಾಹಿ ಕೆಟ್ಟಿದ್ದ ಮಕ್ಕಳಲ್ಲೂ ಹಸುಗೂಸಿನ ವಯಸ್ಸಿನಲ್ಲೇ ತೀವ್ರ ಕರುಳುರಿ ಕಂಡುಬಂದಿತು.

ಮೂರನೆಯದು ಉಳಿದ ರೋಗನಿರೋಧಕ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ-ಕೋಶಗಳು. 1995ರಲ್ಲಿ ಶಿಮೊನ್ ಸಕಾಗುಚಿ ಇವನ್ನು ಗುರುತಿಸಿದಾಗ ನಂಬಿದವರು ಕಡಿಮೆ. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಫಾಕ್ಸ್‌ಪಿ-3 ವಂಶವಾಹಿ ಹುಡುಕಿದರು. ಅದೇ ಈ ಕೋಶಗಳ ಚಾಲಕ ಎಂಬುದು ಮುಂದೆ ಖಚಿತವಾಯಿತು. 2025ರ ವೈದ್ಯಕೀಯ ನೊಬೆಲ್ ಮೂವರಿಗೂ ಸಂದಿತು. ದೇಹದ ಮಟ್ಟದಲ್ಲಿ ಇವೆಲ್ಲದರ ಮೇಲೆ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನು ಮತ್ತು ಮಿದುಳಿನಿಂದ ಕರುಳಿನವರೆಗೆ ಇಳಿಯುವ ವೇಗಸ್ ನರದ ಹಿಡಿತ ಬೇರೆ ಇದೆ.

ಬ್ಯಾಕ್ಟೀರಿಯಾ ಖಾಲಿಯಾದ ಮೇಲೆ ಉರಿಯೂತ ತಾನಾಗಿಯೇ ಆರಿಹೋಗುತ್ತದೆಯೇ?

ಆರಿಹೋಗುವುದಿಲ್ಲ, ಆರಿಸಬೇಕಾಗುತ್ತದೆ. ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ನ್ಯೂಟ್ರೊಫಿಲ್‌ಗಳೆಂಬ ಬಿಳಿ ರಕ್ತಕಣಗಳು ಬೆಂಕಿ ಆರಿಸಲು ಬಂದು ಮನೆಯ ಬಾಗಿಲನ್ನೂ ಮುರಿಯುವವರಂತೆ. ಕೆಲಸವಾದ ಮೇಲೆ ಅವನ್ನು ಹೊರಡಿಸದಿದ್ದರೆ ಗೋಡೆ ಉಳಿಯದು. ಮೊದಲು ಉರಿಯೂತ ಎಬ್ಬಿಸುವ ಪ್ರೋಸ್ಟಾಗ್ಲಾಂಡಿನ್, ಲ್ಯೂಕೋಟ್ರಯೀನ್ ತಯಾರಿಸುತ್ತಿದ್ದ ಕೊಬ್ಬಿನಾಮ್ಲಗಳ ದಾರಿ ಕ್ರಮೇಣ ಅದನ್ನು ಆರಿಸುವ ಲಿಪಾಕ್ಸಿನ್, ರಿಸಾಲ್ವಿನ್‌ಗಳ ಕಡೆಗೆ ತಿರುಗುತ್ತದೆ. ಹೊಸ ನ್ಯೂಟ್ರೊಫಿಲ್ ಬರುವುದು ನಿಲ್ಲುತ್ತದೆ, ಇದ್ದವು ಒಡೆದು ಚೆಲ್ಲದೆ ಅಚ್ಚುಕಟ್ಟಾಗಿ ಸಾಯುತ್ತವೆ. ಅವನ್ನು ನುಂಗಿದ ಮ್ಯಾಕ್ರೋಫೇಜ್ ಐಎಲ್-10 ಮತ್ತು ಟಿಜಿಎಫ್-ಬೀಟಾ ಎಂಬ ಶಮನದ ಸಂಕೇತಗಳನ್ನು ಬಿಡತೊಡಗುತ್ತದೆ. ಇತ್ತ ಐಎಲ್-22 ಎಂಬ ಇನ್ನೊಂದು ಸಂಕೇತ ಪ್ರೋಟೀನಿನ ಪ್ರೇರಣೆಯಿಂದ ಒಳಪದರ ಮತ್ತೆ ಹೆಣೆದುಕೊಳ್ಳುತ್ತದೆ. ಆರೋಗ್ಯವಂತ ಕರುಳಿನ ಒಳಪದರ ಹೇಗೂ ಮೂರರಿಂದ ಐದು ದಿನಕ್ಕೊಮ್ಮೆ ಹೊಸದಾಗುತ್ತಿರುತ್ತದೆ, ಹಾಗಾಗಿ ಸಾಮಾನ್ಯ ಸೋಂಕಿನ ನಂತರ ಚೇತರಿಕೆ ಚುರುಕು.

ಹಸಿವೇ ಇಲ್ಲ. ಶಕ್ತಿ ಬರಲಿ ಎಂದು ಬಲವಂತವಾಗಿ ತಿನ್ನಬೇಕೇ?

ಹಸಿವು ಹೋಗುವುದೂ ಉರಿಯೂತದ ಸಂಕೇತಗಳ ಕೆಲಸವೇ. 1979ರ ಒಂದು ಪ್ರಯೋಗದಲ್ಲಿ ಲಿಸ್ಟೀರಿಯ ಎಂಬ ಬ್ಯಾಕ್ಟೀರಿಯಾ ತಗುಲಿದ ಇಲಿಗಳಿಗೆ ಬಲವಂತವಾಗಿ ಉಣಿಸಿದಾಗ ಸಾವು ಹೆಚ್ಚಾಯಿತು. 2016ರಲ್ಲಿ ಇನ್ನೊಂದು ತಂಡ ಅದರಲ್ಲಿ ಗ್ಲೂಕೋಸಿನ ಪಾತ್ರವನ್ನು ತೋರಿಸಿತು. ಇನ್ಫ್ಲುಯೆಂಜಾ ವೈರಸ್ ತಗುಲಿದ ಇಲಿಗಳಲ್ಲಿ ಫಲ ಇದಕ್ಕೆ ತದ್ವಿರುದ್ಧ! ಉಪವಾಸವೇ ಮದ್ದು ಎಂದು ಇದನ್ನು ಓದಿಕೊಳ್ಳಬೇಡಿ. ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರುವುದು ಮುಖ್ಯವಾಗಿ ನೀರು ಮತ್ತು ಲವಣದ ನಷ್ಟ. ಓಆರ್‌ಎಸ್‌ನಲ್ಲಿರುವ ಸ್ವಲ್ಪ ಗ್ಲೂಕೋಸ್ ಸೋಡಿಯಂ ಅನ್ನು ಕರುಳಿನೊಳಗೆ ಎಳೆದುಕೊಳ್ಳಲು ಬೇಕೇ ಬೇಕು. ಮಕ್ಕಳಿಗೆ ಊಟವನ್ನೂ ಎದೆಹಾಲನ್ನೂ ನಿಲ್ಲಿಸಬಾರದು. ದೊಡ್ಡವರು ಎರಡು ದಿನ ಅರೆಹೊಟ್ಟೆಯಲ್ಲಿದ್ದರೆ ಮನೆಯವರು ಗಾಬರಿಯಾಗಬೇಕಿಲ್ಲ, ಕುಡಿಯುತ್ತಿದ್ದರೆ ಸಾಕು.

ಉರಿಯೂತವೇ ತೊಂದರೆ ಕೊಡುತ್ತದೆ ಎಂದಾದರೆ ಅದನ್ನು ತಗ್ಗಿಸುವ ಮಾತ್ರೆ ನುಂಗಿದರಾಯಿತಲ್ಲ?

ಇಲ್ಲಿ ನಾನು ಸ್ವಲ್ಪ ಗಡುಸಾಗಿ ಹೇಳುತ್ತೇನೆ: ವೈದ್ಯರ ಮಾತಿಲ್ಲದೆ ಸ್ಟೀರಾಯ್ಡ್ ಮುಟ್ಟಬೇಡಿ. ಅದು ಸಾಲ್ಮೊನೆಲ್ಲ, ಲಿಸ್ಟೀರಿಯಗಳು ರಕ್ತಕ್ಕೆ ಹರಡದಂತೆ ತಡೆಯುವ ಪಹರೆಯನ್ನೇ ಸಡಿಲಿಸುತ್ತದೆ. ಐಬುಪ್ರೊಫೆನ್ ಜಾತಿಯ ನೋವುನಿವಾರಕಗಳು ನೀರು ಬತ್ತಿದ ದೇಹದಲ್ಲಿ ಮೂತ್ರಪಿಂಡಕ್ಕೆ ಹೊರೆ. ಜ್ವರವೋ ರಕ್ತವೋ ಇರುವ ಭೇದಿಯಲ್ಲಿ ಕರುಳಿನ ಚಲನೆ ನಿಲ್ಲಿಸುವ ಲೋಪರಮೈಡ್ ಬೇಡ. ಇ. ಕೋಲಿ ಓ157ರ ಸೋಂಕಿನಲ್ಲಿ ಆ್ಯಂಟಿಬಯೋಟಿಕ್ ಕೂಡ ಮೂತ್ರಪಿಂಡ ಕೆಡಿಸುವ ಹೀಮೋಲಿಟಿಕ್ ಯುರೀಮಿಕ್ ಸಿಂಡ್ರೋಮ್‌ನ ಅಪಾಯ ಹೆಚ್ಚಿಸಬಹುದು. ಮಲದಲ್ಲಿ ರಕ್ತ, ಇಳಿಯದ ಜ್ವರ, ಮೂತ್ರ ಕಡಿಮೆಯಾಗುವುದು, ಮಂಪರು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಗೆ ಹೋಗಬೇಕು. ಗರ್ಭಿಣಿಯರು, ಹಸುಗೂಸುಗಳು, ವೃದ್ಧರ ವಿಷಯದಲ್ಲಿ ಅಷ್ಟೂ ಕಾಯಬಾರದು.

### ಇನ್ನೂ ಆಳಕ್ಕೆ

ಉರಿಯೂತದಿಂದ ಬ್ಯಾಕ್ಟೀರಿಯಾಕ್ಕೇ ಲಾಭ ಎಂದು ಓದಿದೆ. ಇದು ನಿಜವೇ?

ಸಾಲ್ಮೊನೆಲ್ಲದ ಮಟ್ಟಿಗೆ ನಿಜ, ಮತ್ತು ಈ ಕ್ಷೇತ್ರದಲ್ಲಿ ಇದಕ್ಕಿಂತ ಚತುರವಾದ ಕಳ್ಳತನ ನಾನು ಓದಿಲ್ಲ. ದೊಡ್ಡ ಕರುಳಿನಲ್ಲಿ ಆಮ್ಲಜನಕವಿಲ್ಲ. ಅಲ್ಲಿನ ಕಾಯಂ ನಿವಾಸಿಗಳು ಹುದುಗಿಸುವಿಕೆಯಿಂದ ಬದುಕುತ್ತವೆ, ಆ ಪೈಪೋಟಿಯಲ್ಲಿ ಸಾಲ್ಮೊನೆಲ್ಲ ಗೆಲ್ಲಲಾರದು. ಆದರೆ ನಿವಾಸಿಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡನ್ನು ಕರುಳಿನ ಪದರ ವಿಷ ಕಳೆದು ಥಯೋಸಲ್ಫೇಟ್ ಮಾಡಿ ಇಟ್ಟಿರುತ್ತದೆ. ಸಾಲ್ಮೊನೆಲ್ಲ ಬೇಕೆಂದೇ ಉರಿಯೂತ ಎಬ್ಬಿಸುತ್ತದೆ. ನ್ಯೂಟ್ರೊಫಿಲ್‌ಗಳು ಓಡಿಬಂದು ಕೊಲ್ಲಲೆಂದು ತೀಕ್ಷ್ಣ ಆಮ್ಲಜನಕ ಸಂಯುಕ್ತಗಳನ್ನು ಚೆಲ್ಲುತ್ತವೆ. ಅವು ಥಯೋಸಲ್ಫೇಟನ್ನು ಟೆಟ್ರಾಥಯೋನೇಟ್ ಆಗಿಸುತ್ತವೆ. ಆಮ್ಲಜನಕದ ಬದಲಿಗೆ ಅದನ್ನೇ ಬಳಸಿ ಉಸಿರಾಡಲು ಸಾಲ್ಮೊನೆಲ್ಲಕ್ಕೆ ಬರುತ್ತದೆ, ನಿವಾಸಿಗಳಲ್ಲಿ ಹೆಚ್ಚಿನವುಗಳಿಗೆ ಬರುವುದಿಲ್ಲ. ಆಂಡ್ರಿಯಾಸ್ ಬಾಯ್ಮ್ಲರ್ ಅವರ ತಂಡ 2010ರಲ್ಲಿ ಇದನ್ನು ತೋರಿಸಿತು. ತಮಾಷೆಯೆಂದರೆ, ಮಾದರಿಗಳಿಂದ ಸಾಲ್ಮೊನೆಲ್ಲ ಬೆಳೆಸಿ ಪತ್ತೆ ಮಾಡಲು ಪ್ರಯೋಗಾಲಯಗಳು ಟೆಟ್ರಾಥಯೋನೇಟ್ ದ್ರಾವಣವನ್ನು 1920ರ ದಶಕದಿಂದಲೇ ಬಳಸುತ್ತಿದ್ದವು. ಕರುಳಿನಲ್ಲೂ ಅದೇ ನಡೆಯುತ್ತಿದೆ ಎಂದು ಹೊಳೆಯಲು ಇಷ್ಟು ಕಾಲ ಬೇಕಾಯಿತು.

ದೇಹದ ಮರುಪಟ್ಟುಗಳೂ ಇವೆ. ನ್ಯೂಟ್ರೊಫಿಲ್‌ನ ಕ್ಯಾಲ್‌ಪ್ರೊಟೆಕ್ಟಿನ್ ಸತುವನ್ನು ಬಚ್ಚಿಡುತ್ತದೆ. ಲಿಪೊಕಾಲಿನ್-2 ಬ್ಯಾಕ್ಟೀರಿಯಾ ಕಬ್ಬಿಣ ಹಿಡಿಯಲು ಕಳುಹಿಸುವ ಎಂಟೆರೊಬ್ಯಾಕ್ಟಿನ್ ಅಣುವನ್ನೇ ಸೆರೆಹಿಡಿಯುತ್ತದೆ. ಸಾಲ್ಮೊನೆಲ್ಲ ಅದಕ್ಕೆ ಸಕ್ಕರೆ ಜೋಡಿಸಿ, ಲಿಪೊಕಾಲಿನ್ ಹಿಡಿತಕ್ಕೆ ಸಿಗದ ಸಾಲ್ಮೊಕೆಲಿನ್ ಮಾಡಿಕೊಂಡಿದೆ. ಅಂದಹಾಗೆ, ಮಲಪರೀಕ್ಷೆಯಲ್ಲಿ ಕರುಳಿನ ಉರಿಯೂತ ಅಳೆಯಲು ನೋಡುವುದು ಇದೇ ಕ್ಯಾಲ್‌ಪ್ರೊಟೆಕ್ಟಿನ್ ಅನ್ನು.

ಟೈಫಾಯಿಡ್ ಕೂಡ ಸಾಲ್ಮೊನೆಲ್ಲದಿಂದಲೇ ಬರುವುದಲ್ಲವೇ? ಅದರಲ್ಲಿ ಭೇದಿಗಿಂತ ಜ್ವರವೇ ಏಕೆ ಮುಂದೆ?

ಅದರ ದಾರಿ ಬೇರೆ. ಸಾಲ್ಮೊನೆಲ್ಲ ಟೈಫಿ ಗದ್ದಲ ಎಬ್ಬಿಸುವುದಿಲ್ಲ, ಕದ್ದು ನುಸುಳುತ್ತದೆ. ಅದು ಹೊದ್ದುಕೊಳ್ಳುವ ವಿಐ ಕವಚ ಪೊರೆಯ ಕೊಬ್ಬುಸಕ್ಕರೆಯನ್ನು ಟಿಎಲ್‌ಆರ್-4ಕ್ಕೆ ಕಾಣದಂತೆ ಮರೆಮಾಚುತ್ತದೆ. ಕವಚದ ಜೊತೆಗೇ ಕೆಲಸ ಮಾಡುವ ಟಿವಿಐಎ ನಿಯಂತ್ರಕ, ಅಂಗಾಂಶ ಹೊಕ್ಕ ಮೇಲೆ ಫ್ಲಜೆಲ್ಲಮ್ ತಯಾರಿಕೆಯನ್ನೂ ತಗ್ಗಿಸುತ್ತದೆ. ಹೀಗಾಗಿ ಕರುಳಿಗೆ ನ್ಯೂಟ್ರೊಫಿಲ್‌ಗಳ ದಂಡು ಬರುವುದಿಲ್ಲ. ಬ್ಯಾಕ್ಟೀರಿಯಾ ಮ್ಯಾಕ್ರೋಫೇಜ್‌ಗಳೊಳಗೆ ಕುಳಿತು ಯಕೃತ್ತು, ಗುಲ್ಮ, ಮೂಳೆಮಜ್ಜೆ ಸೇರುತ್ತದೆ. ಜ್ವರ ಏರುವುದು ಆಮೇಲೆ. ಗುಣವಾದ ಕೆಲವರ ಪಿತ್ತಕೋಶದಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ, ಅವರಿಗೆ ಮಾತ್ರ ಏನೂ ಅನ್ನಿಸುವುದಿಲ್ಲ.

ಲಿಸ್ಟೀರಿಯದ ಬಗ್ಗೆ ಅಷ್ಟು ಭಯ ಏಕೆ? ಅಲ್ಲಿ ಉರಿಯೂತ ಹೆಚ್ಚಿದ್ದರೆ ಒಳ್ಳೆಯದೋ, ಕಡಿಮೆ ಇದ್ದರೆ ಒಳ್ಳೆಯದೋ?

ಯಾವ ಸಂಕೇತ ಎಂಬುದರ ಮೇಲೆ ಹೋಗುತ್ತದೆ. 'ಹೆಚ್ಚು', 'ಕಡಿಮೆ' ಎಂಬ ಒಂದೇ ಅಳತೆಗೋಲು ಲಿಸ್ಟೀರಿಯದ ಮುಂದೆ ಸೋಲುತ್ತದೆ. ಈ ಬ್ಯಾಕ್ಟೀರಿಯಾ ಕೋಶದೊಳಗೆ ತನ್ನನ್ನು ಸುತ್ತಿಕೊಂಡ ಚೀಲವನ್ನು ತೂತು ಮಾಡಿ ಹೊರಬಂದು, ಆತಿಥೇಯ ಕೋಶದ ಆ್ಯಕ್ಟಿನ್ ತಂತುಗಳನ್ನೇ ತಳ್ಳುಗೋಲಾಗಿಸಿಕೊಂಡು ಪಕ್ಕದ ಕೋಶಕ್ಕೆ ನುಗ್ಗುತ್ತದೆ. ಪ್ರತಿಕಾಯಗಳಿಗೆ ಸಿಗುವುದೇ ಇಲ್ಲ. ಟಿಎನ್‌ಎಫ್ ಮತ್ತು ಇಂಟರ್‌ಫೆರಾನ್-ಗಾಮಾ ಇಲ್ಲಿ ಜೀವ ಉಳಿಸುವಂಥವು; ಅವುಗಳ ಸಂಕೇತ ಕೆಟ್ಟ ಇಲಿಗಳು ಸಣ್ಣ ಸೋಂಕಿಗೂ ಸಾಯುತ್ತವೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಔಷಧಿ ಪಡೆಯುವವರಲ್ಲಿ ಲಿಸ್ಟೀರಿಯ ಅಪಾಯವಿದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಎಚ್ಚರಿಕೆ ಸೇರಿಸಿತು. ಇದಕ್ಕೆ ವಿರುದ್ಧವಾಗಿ, ವೈರಸ್‌ಗಳ ಮೇಲೆ ಬ್ರಹ್ಮಾಸ್ತ್ರವಾದ ಟೈಪ್-1 ಇಂಟರ್‌ಫೆರಾನ್ ರಕ್ತದ ಮೂಲಕ ಹರಡುವ ಲಿಸ್ಟೀರಿಯಕ್ಕೆ ಅನುಕೂಲ ಮಾಡಿಕೊಡುತ್ತದೆ. ಅದರ ಗ್ರಾಹಿ ಇಲ್ಲದ ಇಲಿಗಳು ಹೆಚ್ಚು ಬದುಕುತ್ತವೆ. ಐಎಲ್-10 ಇಲ್ಲದ ಇಲಿಗಳೂ ಲಿಸ್ಟೀರಿಯವನ್ನು ಬೇಗ ಹೊರದಬ್ಬುತ್ತವೆ. ಕರುಳನ್ನು ಕಾಯುವ ಅದೇ ಐಎಲ್-10 ಇಲ್ಲಿ ಅಡ್ಡಿ.

ಭೇದಿ ನಿಂತು ಮೂರು ವಾರವಾದ ಮೇಲೆ ಕೀಲು ಊದಿಕೊಂಡಿತು. ಎರಡಕ್ಕೂ ಸಂಬಂಧವಿದೆಯೇ?

ಇರಬಹುದು. ಸಾಲ್ಮೊನೆಲ್ಲ, ಶಿಗೆಲ್ಲ, ಯರ್ಸೀನಿಯ, ಕ್ಯಾಂಪಿಲೋಬ್ಯಾಕ್ಟರ್ ಸೋಂಕಿನ ಕೆಲವು ವಾರಗಳ ನಂತರ ಪ್ರತಿಕ್ರಿಯಾತ್ಮಕ ಸಂಧಿವಾತ ಬರುವುದುಂಟು, ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ರೂಪ ಇರುವವರಲ್ಲಿ ಹೆಚ್ಚು. ಕ್ಯಾಂಪಿಲೋಬ್ಯಾಕ್ಟರ್ ನಂತರ ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಗಿಲಾನ್-ಬಾರೆ ಸಿಂಡ್ರೋಮ್ ಕಾಣಿಸುತ್ತದೆ: ಬ್ಯಾಕ್ಟೀರಿಯಾದ ಹೊರಪೊರೆಯ ಸಕ್ಕರೆಗಳು ನಮ್ಮ ನರಗಳ ಮೇಲಿನವನ್ನು ಹೋಲುವುದರಿಂದ ಪ್ರತಿಕಾಯಗಳು ನರವನ್ನೇ ಹೊಡೆಯುತ್ತವೆ. ಕಾಲುಗಳಲ್ಲಿ ಜುಮ್ಮೆನ್ನುತ್ತ ಬಲ ಕುಂದುತ್ತಾ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಇವೆರಡಕ್ಕಿಂತ ಸಾಮಾನ್ಯವಾದದ್ದು ಸೋಂಕಿನ ನಂತರ ಉಳಿಯುವ ಕರುಳಿನ ಕಿರಿಕಿರಿ. ಸರಿಸುಮಾರು ಹತ್ತರಲ್ಲಿ ಒಬ್ಬರಿಗೆ.

ನಾರಿನಂಶ, ಪ್ರೋಬಯೋಟಿಕ್ ಇವುಗಳಿಂದ ಉರಿಯೂತ ಹದಕ್ಕೆ ಬರುತ್ತದೆ ಎನ್ನುತ್ತಾರಲ್ಲ?

ನಾರಿನ ಮಾತಿಗೆ ಬುಡವಿದೆ. ಕರುಳಿನ ಕ್ಲಾಸ್ಟ್ರಿಡಿಯಾ ಗುಂಪಿನ ನಿವಾಸಿಗಳು ನಾರನ್ನು ಹುದುಗಿಸಿ ಬ್ಯೂಟಿರೇಟ್ ಎಂಬ ಪುಟ್ಟ ಕೊಬ್ಬಿನಾಮ್ಲ ಕೊಡುತ್ತವೆ. ಅದು ನಿಯಂತ್ರಕ ಟಿ-ಕೋಶಗಳನ್ನು ಹೆಚ್ಚಿಸುತ್ತದೆ ಎಂದು 2013ರಲ್ಲಿ ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿದವು. ಆದರೆ ಇದು ತಿಂಗಳುಗಳ ಲೆಕ್ಕದ ವ್ಯವಹಾರ. ಸೋಂಕು ಹಿಡಿದ ದಿನ ನಾರು ತಿಂದು ಫಲ ನಿರೀಕ್ಷಿಸಬೇಡಿ. ಪ್ರೋಬಯೋಟಿಕ್ ಪೊಟ್ಟಣಗಳ ಮೇಲಿನ ದೊಡ್ಡ ಅಕ್ಷರಗಳನ್ನು ನಾನು ಅರ್ಧದಷ್ಟೇ ನಂಬುತ್ತೇನೆ, ಒಂದು ತಳಿಯ ಬ್ಯಾಕ್ಟೀರಿಯಾದ ಗುಣ ಇನ್ನೊಂದಕ್ಕೆ ಇರುವುದಿಲ್ಲ.

ಹಾಗಾದರೆ ಐಎಲ್-10 ಅನ್ನೇ ಔಷಧಿಯಾಗಿ ಚುಚ್ಚಿದರೆ ಆಗದೇ?

ಸೋಂಕಿಗಲ್ಲ, ಕ್ರೋನ್ಸ್ ಎಂಬ ದೀರ್ಘಕಾಲದ ಕರುಳುರಿಗೆ ಇದನ್ನು ಮಾಡಿ ನೋಡಿದ್ದಾರೆ. ಇಲಿಗಳಲ್ಲಿ ಕಂಡ ಭರವಸೆ ರೋಗಿಗಳಲ್ಲಿ ಫಲಿಸಲಿಲ್ಲ. ರಕ್ತಕ್ಕೆ ಕೊಟ್ಟ ಐಎಲ್-10 ಬೇಗ ಕರಗಿಹೋಗುತ್ತದೆ, ಕರುಳಿನ ಪದರಕ್ಕೆ ಸಾಕಷ್ಟು ತಲುಪುವುದಿಲ್ಲ. ಪ್ರಮಾಣ ಏರಿಸಿದರೆ ಅದು ಇಂಟರ್‌ಫೆರಾನ್-ಗಾಮಾವನ್ನು ಹೆಚ್ಚಿಸುವ ಲಕ್ಷಣವೂ ಕಂಡಿತು. ಇತ್ತ ನಂಜು ರಕ್ತಕ್ಕೇರಿದ ರೋಗಿಗಳಲ್ಲಿ ಟಿಎನ್‌ಎಫ್ ತಡೆದು ನೋಡಿದ 1990ರ ದಶಕದ ಪ್ರಯೋಗಗಳೂ ನಿರೀಕ್ಷಿಸಿದಷ್ಟು ಜೀವ ಉಳಿಸಲಿಲ್ಲ. ರೋಗಿ ಆಸ್ಪತ್ರೆಯ ಹಾಸಿಗೆ ಸೇರುವ ಹೊತ್ತಿಗೆ ಟಿಎನ್‌ಎಫ್‌ನ ಮೊದಲ ಅಲೆ ಎಷ್ಟೋ ಸಲ ಇಳಿದಾಗಿರುತ್ತದೆ. ಸದ್ಯಕ್ಕೆ ಚಿಕಿತ್ಸೆಯೆಂದರೆ ನೀರು, ಲವಣ, ಅಗತ್ಯವಿದ್ದಲ್ಲಿ ಸರಿಯಾದ ಆ್ಯಂಟಿಬಯೋಟಿಕ್. ಉರಿಯೂತದ ಏರಿಳಿತವನ್ನು ದೇಹವೇ ನೋಡಿಕೊಳ್ಳುತ್ತದೆ.